ಕುದುರೆಯ ಬಾಲಕ್ಕೂ ಬೆಲೆ ಕೊಟ್ಟ ಊರು

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಕಡ್ಡಿರಾಂಪುರದ ಗುಮ್ಮಟಗಳು ಕಾಣಿಸುತ್ತವೆ. ವಿಜಯನಗರದ ಕಾಲದ ಮುಸ್ಲಿಂ ಗೋರಿಗಳಿವು. ಬಸ್ಸಿನ ಕಿಟಕಿಯಿಂದ ಇವನ್ನು ನೋಡಿಯೂ ನೋಡದಂತೆ ನಾವು ಮುಂದೆ ಸಾಗುತ್ತೇವೆ.

ಇಂದು ನಮ್ಮ ಹುಡುಗರು ದುಡಿಮೆಗೆಂದು ಗಲ್ಫಿಗೆ ಹೋಗುತ್ತಾರೆ. ಆರು ಶತಮಾನಗಳ ಹಿಂದೆ ಈ ದಾರಿ ತಿರುಗುಮುರುಗಾಗಿತ್ತು. ಅನ್ನ ಹುಡುಕಿಕೊಂಡು ಅಲ್ಲಿನವರು ಇಲ್ಲಿಗೆ ಬರುತ್ತಿದ್ದರು. ಗಾಳಿಯ ದಿಕ್ಕು ನೋಡಿ ಹಾಯಿ ಬಿಚ್ಚಿದ ಹಡಗುಗಳು ಹೊರ್ಮುಜ್‌ನಿಂದ ಕುದುರೆಗಳನ್ನು ಹೊತ್ತು ಭಟ್ಕಳ, ಗೋವೆಗಳ ಬಂದರಿಗೆ ಬರುತ್ತಿದ್ದವು. ವ್ಯಾಪಾರಿಗಳು ಮತ್ತೆ ಗಾಳಿ ತಿರುಗುವವರೆಗೆ ಕಾಯಬೇಕಿತ್ತು.

ಪರನಾಡಿನಿಂದ ಬಂದವರನ್ನು ಆ ರಾಜ್ಯ ಹೇಗೆ ನೋಡಿಕೊಂಡಿತು? ಇಮ್ಮಡಿ ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಂಡು ಜಾಗೀರು ಕೊಟ್ಟ, ಮಸೀದಿ ಕಟ್ಟಿಸಿದ, ಅವರ ಧರ್ಮಾಚರಣೆಗೆ ಯಾರೂ ಅಡ್ಡಿ ಮಾಡಬಾರದೆಂದು ಆಜ್ಞೆ ಮಾಡಿದ, ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದ ಎಂದು ಫೆರಿಶ್ತಾ ಬರೆಯುತ್ತಾನೆ. ಇದು ಬರಿಯ ಔದಾರ್ಯವಲ್ಲ. ಬಹಮನಿಗಳೆದುರು ನಿಲ್ಲಲು ಅವನಿಗೆ ಒಳ್ಳೆಯ ಬಿಲ್ಲುಗಾರರು ಬೇಕಿತ್ತು. ಆದರೆ ದುಡಿಮೆ ಬೇಕೆಂದವನು ದುಡಿಯುವವನ ನಂಬಿಕೆಯನ್ನೂ ಗೌರವಿಸಬೇಕೆಂಬ ತಿಳಿವಳಿಕೆ ಅದರಲ್ಲಿತ್ತು.

ಸೇವೆಗೆ ಸೇರಿದವರೂ ಸುಮ್ಮನಿರಲಿಲ್ಲ. ಹಂಪಿಯ ಅವಶೇಷಗಳ ನಡುವೆ 1439ರಲ್ಲಿ ಅಹಮದ್ ಖಾನ್ ಕಟ್ಟಿಸಿದ ಕಟ್ಟಡ ಇಂದಿಗೂ ನಿಂತಿದೆ. ಅದರ ಕಂಬಗಳು ದೇವಾಲಯದ ಮಂಟಪದಂತಿವೆ, ಪಶ್ಚಿಮದ ಗೋಡೆಯಲ್ಲಿ ಮಿಹ್ರಾಬ್ ಇದೆ. ಶಾಸನ ಕನ್ನಡದಲ್ಲಿದೆ, ಅದು ಇದನ್ನು ಧರ್ಮಶಾಲೆ ಎಂದು ಕರೆಯುತ್ತದೆ, ಪುಣ್ಯವನ್ನು ದೇವರಾಯನಿಗೆ ಸಲ್ಲಿಸುತ್ತದೆ.

ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ನುನಿಜ್ ಇನ್ನೊಂದು ಸಂಗತಿ ಹೇಳುತ್ತಾನೆ. ಸಾಳುವ ನರಸಿಂಹ ಸಾವಿರ ಪರ್ದಾವಿಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದ. ದಾರಿಯ ನಷ್ಟವನ್ನು ಕರೆಸಿಕೊಂಡವನೇ ಹೊರುತ್ತಿದ್ದ.

ಇಂದು ಅದೇ ನಷ್ಟ ಹೋಗುವವನ ತಲೆಯ ಮೇಲಿದೆ. 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಗಣಿಗಾರಿಕೆ ನಿಂತಾಗ ಸಂಡೂರು, ಹೊಸಪೇಟೆಗಳಲ್ಲಿ ಲಾರಿಗಳನ್ನೇ ನಂಬಿದ್ದವರ ಕೈ ಖಾಲಿಯಾಯಿತು. ಭತ್ತ, ಕಬ್ಬಿನ ಕಂಪ್ಲಿಯಲ್ಲೂ ವರ್ಷವಿಡೀ ಕೂಲಿ ಸಿಗುವುದಿಲ್ಲ. ಇಂಥ ಊರುಗಳ ಹುಡುಗ ಸಾಲ ಮಾಡಿ ಏಜೆಂಟನಿಗೆ ಹಣ ಕಟ್ಟುತ್ತಾನೆ. ಏಜೆಂಟರು ನೋಂದಾಯಿಸಿಕೊಳ್ಳಬೇಕೆಂದು 1983ರ ವಲಸೆ ಕಾಯ್ದೆ ಹೇಳಿತು. 2003ರಲ್ಲಿ ಪ್ರವಾಸಿ ಭಾರತೀಯ ಬಿಮಾ ಯೋಜನೆ ಬಂತು. 2009ರಲ್ಲಿ ರಾಯಭಾರ ಕಚೇರಿಗಳಲ್ಲಿ ಕಷ್ಟದಲ್ಲಿರುವವರಿಗಾಗಿ ಕಲ್ಯಾಣ ನಿಧಿ ಶುರುವಾಯಿತು. ಮೃತದೇಹವನ್ನು ಊರಿಗೆ ತರಲೂ ಅದರಿಂದ ನೆರವು ಪಡೆಯಬಹುದು. ಆದರೆ ಈ ವಿಷಯ ಮನೆಯಲ್ಲಿ ಕಾದು ಕುಳಿತ ತಾಯಿಗೆ ತಿಳಿಸುವವರು ಯಾರು?

ನಮ್ಮ ಜಮಾಅತ್‌ಗಳೂ ಪಂಚಾಯಿತಿಗಳೂ ಆ ಕೆಲಸ ಮಾಡಬಹುದು. ಪಾಸ್‌ಪೋರ್ಟ್, ಕರಾರು, ವಿಮೆ ಇವುಗಳನ್ನು ಓದಿ ಹೇಳುವ ಒಬ್ಬ ಬಲ್ಲವನನ್ನು ಊರಿಗೊಬ್ಬರಂತೆ ಕೂರಿಸಿದರೆ ಸಾಕು. ಅಹಮದ್ ಖಾನನ ಧರ್ಮಶಾಲೆಗೆ ಅದಕ್ಕಿಂತ ಒಳ್ಳೆಯ ಜೀರ್ಣೋದ್ಧಾರ ಬೇರೆ ಯಾವುದಿದೆ? ಸತ್ತ ಕುದುರೆಯ ಬಾಲಕ್ಕೂ ಬೆಲೆ ಇದ್ದ ನೆಲ ಇದು. ಇಲ್ಲಿಂದ ಹೊರಟ ಮನುಷ್ಯನಿಗೆ ಅದಕ್ಕಿಂತ ಕಡಿಮೆ ಬೆಲೆ ಬರಬಾರದು.