ಗೆಣ್ಣುದ್ದದ ಸೈನಿಕರ ಇತಿಹಾಸ

ನಿಮ್ಮ ಹೆಬ್ಬೆರಳಿನ ತುದಿಯ ಗೆಣ್ಣನ್ನು ಒಮ್ಮೆ ನೋಡಿಕೊಳ್ಳಿ. ಸುಮಾರು 28 ಮಿಲಿಮೀಟರ್ ಉದ್ದವಿರಬಹುದು. ಅಷ್ಟೇ ಎತ್ತರದ ಸೈನಿಕನೊಬ್ಬ ನಿಮ್ಮ ಮೇಜಿನ ಮೇಲೆ ನಿಂತಿದ್ದಾನೆಂದು ಭಾವಿಸಿ. ಕೈಯಲ್ಲಿ ಈಟಿ, ತಲೆಯ ಮೇಲೆ ಗರಿ ಸಿಕ್ಕಿಸಿದ ಅಗಲವಾದ ಟೊಪ್ಪಿಗೆ, ಉಬ್ಬಿದ ತೋಳುಗಳ ಮೇಲೆ ಉದ್ದುದ್ದ ಸೀಳುಗಳು. ಆತ ಇನ್ನೂ ಬರಿಯ ಬೂದು ಪ್ಲಾಸ್ಟಿಕ್. ಬಣ್ಣ ಹಚ್ಚಬೇಕಾದವರು ನೀವು. ತೋಳಿಗೆ ಯಾವ ಬಣ್ಣ? ಸೀಳಿನೊಳಗೆ ಇಣುಕುವ ಬಟ್ಟೆಗೆ ಯಾವುದು? ಅದಿರಲಿ, ಯುದ್ಧಕ್ಕೆ ಹೊರಟವನ ಅಂಗಿಯಲ್ಲಿ ಸೀಳುಗಳಾದರೂ ಏಕೆ?

ಈ ಸೈನಿಕ ‘ವಾರ್‌ಹ್ಯಾಮರ್’ ಎಂಬ ಆಟಕ್ಕೆ ಸೇರಿದವನು. ಬ್ರಯಾನ್ ಆನ್ಸೆಲ್, ರಿಚರ್ಡ್ ಹ್ಯಾಲಿವೆಲ್ ಮತ್ತು ರಿಕ್ ಪ್ರೀಸ್ಟ್ಲಿ ಎಂಬ ಮೂವರು ಇಂಗ್ಲೆಂಡಿನಲ್ಲಿ 1983ರಲ್ಲಿ ಇದನ್ನು ಹೊರತಂದರು. ಇಬ್ಬರು ಆಟಗಾರರು ತಾವೇ ಜೋಡಿಸಿ ಬಣ್ಣ ಬಳಿದ ಸೇನೆಗಳನ್ನು ಮೇಜಿನ ಮೇಲೆ ಎದುರುಬದುರಾಗಿ ನಿಲ್ಲಿಸುತ್ತಾರೆ. ಅಳತೆಪಟ್ಟಿ ಹಿಡಿದು ಪಡೆಗಳನ್ನು ನಡೆಸುತ್ತಾರೆ, ದಾಳ ಉರುಳಿಸಿ ಸತ್ತವರೆಷ್ಟು ಎಂದು ತೀರ್ಮಾನಿಸುತ್ತಾರೆ. ಕುಳ್ಳರು, ರಾಕ್ಷಸರು, ಎದ್ದು ನಡೆಯುವ ಹೆಣಗಳು ಎಲ್ಲವೂ ಇಲ್ಲಿವೆ. ಅವುಗಳ ನಡುವೆ ಮನುಷ್ಯರದ್ದೂ ಒಂದು ಸೇನೆ. ಅದರ ಹೆಸರು ‘ಎಂಪೈರ್’, ಅಂದರೆ ಸಾಮ್ರಾಜ್ಯ. ಹಳೆಯ ರೂಪದ ಈ ಆಟವನ್ನು 2015ರಲ್ಲಿ ನಿಲ್ಲಿಸಲಾಯಿತು. ಆಟಗಾರರು ಮರೆಯಲಿಲ್ಲ. 2024ರಲ್ಲಿ ‘ದಿ ಓಲ್ಡ್ ವರ್ಲ್ಡ್’ ಎಂಬ ಹೆಸರಿನಿಂದ ಆ ಲೋಕ ಮರಳಿ ಬಂತು.

ಮೇಜಿನ ಮೇಲೆ ಯುದ್ಧ ನಡೆಸುವ ಆಸೆ ಬಹಳ ಹಳೆಯದು. ಅದರ ಮೂಲ ನಮ್ಮ ದೇಶದ್ದೇ. ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗಗಳ ಸೇನೆಯನ್ನು ಮಣೆಯ ಮೇಲೆ ನಿಲ್ಲಿಸಿದ ಚತುರಂಗವು ಪರ್ಷಿಯ, ಅರಬ್ ನಾಡುಗಳ ಮೂಲಕ ಯೂರೋಪಿಗೆ ಹೋಗಿ ಚೆಸ್ ಆಯಿತು. 1780ರಲ್ಲಿ ಹೆಲ್ವಿಗ್ ಎಂಬ ಜರ್ಮನ್ ವಿದ್ವಾಂಸ ಚೆಸ್ಸಿನ ಮಣೆಯನ್ನೇ ಹಿಗ್ಗಿಸಿ, ಚೌಕಗಳಿಗೆ ಬೆಟ್ಟ, ನೀರು, ಊರುಗಳನ್ನು ಸೇರಿಸಿದ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ಚೌಕಗಳನ್ನು ಬಿಟ್ಟು ನಿಜವಾದ ಭೂಪಟವನ್ನೇ ಹಾಸಿದ. ಗುಂಡು ಎಷ್ಟು ದೂರದಿಂದ ಎಷ್ಟು ಜನರಿಗೆ ತಗಲೀತು ಎಂಬ ಸಂಭವನೀಯತೆಯ ಲೆಕ್ಕವನ್ನು ದಾಳದೊಳಗೆ ಅಡಗಿಸಿದ. ಪ್ರಷ್ಯದ ಸೇನೆ ಅದನ್ನು ತನ್ನ ಅಧಿಕಾರಿಗಳ ತರಬೇತಿಗೆ ಬಳಸಿಕೊಂಡಿತು. ವಿಜ್ಞಾನ ಓದಿದ ನನಗೆ ಈ ದಾಳದ ಮೇಲೆ ಮೆಚ್ಚುಗೆಯೂ ಇದೆ, ಸ್ವಲ್ಪ ಅಂಜಿಕೆಯೂ ಇದೆ.

ಯುದ್ಧದಾಟವನ್ನು ಮತ್ತೆ ಮನೆಗೆ ಕರೆತಂದವರಲ್ಲಿ ಪ್ರಮುಖ ಎಚ್.ಜಿ. ವೆಲ್ಸ್. ‘ಟೈಮ್ ಮೆಷಿನ್’ ಬರೆದ ಅದೇ ವೆಲ್ಸ್. ಆತನೂ ವಿಜ್ಞಾನದ ಪದವೀಧರ. 1913ರಲ್ಲಿ ಆತ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಸೀಸದ ಸೈನಿಕರಿಗೂ, ಸ್ಪ್ರಿಂಗಿನಿಂದ ಗುಂಡು ಹಾರಿಸುವ ಆಟದ ಫಿರಂಗಿಗೂ ನಿಯಮಗಳನ್ನು ಕೊಟ್ಟ. ನಿಜವಾದ ಯುದ್ಧಕ್ಕಿಂತ ಈ ಆಟ ಎಷ್ಟೋ ಮೇಲು ಎಂಬ ವಾದವೂ ಅದರಲ್ಲಿದೆ. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು. ಮುಂದೆ 1971ರಲ್ಲಿ ಅಮೆರಿಕದ ‘ಚೈನ್‌ಮೇಲ್’ ಎಂಬ ನಿಯಮಪುಸ್ತಕ ಮಧ್ಯಯುಗದ ಗೊಂಬೆಸೇನೆಗಳ ನಡುವೆ ಮಾಂತ್ರಿಕರನ್ನೂ ಡ್ರ್ಯಾಗನ್‌ಗಳನ್ನೂ ಸೇರಿಸಿತು. ವಾರ್‌ಹ್ಯಾಮರ್ ಹುಟ್ಟಲು ಬೇಕಾದ ನೆಲ ಹದವಾಗಿತ್ತು.

ಈಗ ಅಂಗಿಯ ಸೀಳಿಗೆ ಬರೋಣ. ‘ಎಂಪೈರ್’ ಕಾಲ್ಪನಿಕವಾದರೂ ಅದರ ವೇಷ ಕಾಲ್ಪನಿಕವಲ್ಲ. ಅದು 16ನೇ ಶತಮಾನದ ಪವಿತ್ರ ರೋಮನ್ ಸಾಮ್ರಾಜ್ಯದ ಬಾಡಿಗೆ ಸೈನಿಕರಾದ ಲಾಂಡ್ಸ್‌ಕ್ನೆಕ್ಟ್‌ಗಳ ವೇಷ. ಮೊದಲನೆಯ ಮ್ಯಾಕ್ಸಿಮಿಲಿಯನ್ 1480ರ ದಶಕದಲ್ಲಿ ಕಟ್ಟಿದ ಈ ಪಡೆಗಳು ಮೂರಾಳೆತ್ತರದ ಈಟಿ ಹಿಡಿದು ಒತ್ತೊತ್ತಾಗಿ ನಿಂತು ಕಾದುತ್ತಿದ್ದವು. ಯಾವ ವರ್ಗದವರು ಎಂಥ ಬಟ್ಟೆ ತೊಡಬೇಕೆಂದು ಕಾನೂನಿದ್ದ ಕಾಲ ಅದು. ಸಾವಿನ ಬಾಯಿಗೆ ಹೋಗುವ ಇವರಿಗೆ ಆ ಕಾನೂನಿನಿಂದ ವಿನಾಯಿತಿ ಇತ್ತು. ರೈತನ ಮಗ, ಕಮ್ಮಾರನ ಮಗ ಅಂಗಿಯನ್ನು ಸೀಳಿ, ಒಳಗಿನ ಬಣ್ಣದ ಬಟ್ಟೆಯನ್ನು ಹೊರಕ್ಕೆಳೆದು ಮೆರೆದರು. ಎರಡು ತೋಳಿಗೆ ಎರಡು ಬಣ್ಣ, ಎರಡು ಕಾಲಿಗೆ ಇನ್ನೆರಡು. ಆ ಬಣ್ಣ ಕಂಡು ಮೋಹಗೊಳ್ಳುವ ಮೊದಲು ಒಂದು ಸಂಗತಿ ನೆನಪಿರಲಿ. 1527ರಲ್ಲಿ ಸಂಬಳ ಸಿಗದೆ ದಂಗೆಯೆದ್ದ ಸಾಮ್ರಾಜ್ಯದ ಸೇನೆ ರೋಮ್ ನಗರಕ್ಕೆ ನುಗ್ಗಿ ಸೂರೆ ಮಾಡಿತು. ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. ಆ ಸೇನೆಯಲ್ಲಿ ಈ ಸೀಳಂಗಿಯವರೇ ಬಹಳ ಮಂದಿ.

ಇನ್ನು ಬಣ್ಣದ ಕೆಲಸ. ಬಿಡಿಭಾಗಗಳನ್ನು ಅಂಟಿಸಿ, ಅಚ್ಚಿನ ಗೆರೆಗಳನ್ನು ಕೆರೆದು ತೆಗೆದು, ಪ್ರೈಮರ್ ಹೊಡೆಯುವುದು ಮೊದಲ ಹಂತ. ಆಮೇಲೆ ತೆಳು ಬಣ್ಣ, ಎರಡು ಸಲ. ನಾನು ಬಳಿದ ಮೊದಲ ಸೈನಿಕನಿಗೆ ಬಣ್ಣವನ್ನು ಡಬ್ಬಿಯಿಂದ ನೇರವಾಗಿ ಎತ್ತಿ ಹಚ್ಚಿದೆ. ಕಣ್ಣು, ಮೂಗು, ಮೀಸೆ ಎಲ್ಲವೂ ಮುಚ್ಚಿಹೋಗಿ ಮುಖ ಇಡ್ಲಿಯಂತಾಯಿತು. ನಂತರ ನೀರಾದ ಕಡುಬಣ್ಣವನ್ನು ಮೈಮೇಲೆ ಹರಿಯಬಿಡುತ್ತಾರೆ. ಅದು ತಾನಾಗಿ ಮಡಿಕೆಗಳಿಗೆ ಇಳಿದು ಒಣಗುತ್ತದೆ. ಕೊನೆಗೆ ಉಬ್ಬಿದ ಅಂಚುಗಳಿಗೆ ತಿಳಿಬಣ್ಣ. ಇಷ್ಟೆಲ್ಲ ಏಕೆಂದು ಕೇಳುವಿರಾ? ಸ್ಟುಡಿಯೋದಲ್ಲಿ ದೀಪ ಹೊಂದಿಸುವ ನಮಗೆ ಇದು ದಿನದ ಪಾಠ. ಮುಖಕ್ಕೆ ನೆರಳಿಲ್ಲದಿದ್ದರೆ ಅದು ಚಪ್ಪಟೆಯಾಗಿ ಕಾಣುತ್ತದೆ. ನಿಜವಾದ ಅಂಗಿಯ ಮಡಿಕೆ ಬೆರಳಗಲ ಆಳವಿದ್ದರೆ ಗೊಂಬೆಯದು ಕೂದಲೆಳೆಯಷ್ಟು. ಕೋಣೆಯ ಬೆಳಕು ಅದನ್ನು ಅಳಿಸಿಹಾಕುತ್ತದೆ. ಆದ್ದರಿಂದ ನೆರಳನ್ನೂ ಬೆಳಕನ್ನೂ ಕುಂಚದಿಂದಲೇ ಬರೆಯಬೇಕು.

ಹೀಗೆ ಇಪ್ಪತ್ತು ಮಂದಿ ಸಿದ್ಧರಾದರೆ ಒಂದು ತುಕಡಿ. ಅತ್ಯಂತ ಚೆನ್ನಾಗಿ ಬಂದವರನ್ನು ಎಲ್ಲರೂ ಮುಂದಿನ ಸಾಲಿನಲ್ಲೇ ನಿಲ್ಲಿಸುತ್ತಾರೆ. ಇಲ್ಲಿ ಆಟದ ಒಂದು ನಿಯಮವನ್ನು ಗಮನಿಸಿ. ಪೆಟ್ಟು ಬೀಳುವುದು ಮುಂದಿನವರಿಗೆ, ಆದರೆ ಮೇಜಿನಿಂದ ಎತ್ತುವುದು ಹಿಂದಿನ ಸಾಲಿನ ಗೊಂಬೆಗಳನ್ನು. ಮುಂದಿನವರು ಕೊನೆಯ ತನಕ ಮಿಂಚುತ್ತ ನಿಂತಿರುತ್ತಾರೆ. ಲಾಂಡ್ಸ್‌ಕ್ನೆಕ್ಟ್‌ಗಳ ಪಡೆಯಲ್ಲಿ ಮುಂದಿನ ಸಾಲಿಗೆ ಬರುವವನಿಗೆ ಎರಡು ಪಟ್ಟು ಸಂಬಳ ಕೊಡುತ್ತಿದ್ದರು.