ತಗಡಿನ ಕೆಳಗಿನ ಕನಸು

ಶಿರೂರು ತಾಲೂಕಿನ ರಾಂಜಣಗಾಂವ್ ಮಹಾಗಣಪತಿಗೆ ನೀವು ಹೋಗಿರಬಹುದು. 2017ರಲ್ಲಿ ಅದೇ ಊರಿನ ಕಾರ್ಖಾನೆಯಲ್ಲಿ ಅಮೆರಿಕದ ಜೀಪ್ ಕಂಪಾಸ್ ತಯಾರಾಗತೊಡಗಿತು. ಆಗ ಜೀಪ್ ಇದ್ದದ್ದು ಫಿಯೆಟ್-ಕ್ರೈಸ್ಲರ್ ಬಳಗದಲ್ಲಿ. ಕ್ರೈಸ್ಲರ್ ಹೆಸರು ನಮಗೆ ಹಳೆಯದು. ಅದರ ಹಿಂದೊಬ್ಬ ಕನ್ನಡಿಗರಿದ್ದಾರೆ.

ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಬಂದು ಕಾರು ಕಾರ್ಖಾನೆಯ ಯೋಜನೆ ಮುಂದಿಟ್ಟರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೈಸೂರು ಸಂಸ್ಥಾನದಲ್ಲೇ ಅದನ್ನು ಕಟ್ಟುವ ಪ್ರಯತ್ನವೂ ನಡೆಯಿತು. ಬ್ರಿಟಿಷ್ ಸರ್ಕಾರ ಒತ್ತಾಸೆ ಕೊಡಲಿಲ್ಲ, ಕಾರ್ಖಾನೆ ಕೈತಪ್ಪಿತು. 1944ರಲ್ಲಿ ವಾಲ್‌ಚಂದ್ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಕ್ರೈಸ್ಲರ್ ಒಪ್ಪಂದದಂತೆ 1947ರಿಂದ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್ ವಾಹನಗಳು ಜೋಡಣೆಯಾದವು.

1960ರ ದಶಕದ ಡಾಡ್ಜ್ ಚಾರ್ಜರ್‌ನಂಥ ಮಸಲ್ ಕಾರುಗಳು ನಮ್ಮಲ್ಲಿ ಅಪರೂಪ. ಇಲ್ಲಿನ ಹವ್ಯಾಸಿಗಳ ಕೈಗೆ ಸಿಗುವುದು ಅದಕ್ಕೂ ಹಿಂದಿನ ಈ ಗಾಡಿಗಳು. ಎಂಜಿನ್ ಇಳಿಸಿ, ಗಾಜು ಕಳಚಿ, ಬಣ್ಣ ಕೆರೆದರೆ ಉಳಿಯುವುದು ಬರೀ ತಗಡಿನ ಗೂಡು. ತುಕ್ಕು ತಿಂದ ಭಾಗ ಕತ್ತರಿಸಿ, ಹೊಸ ತಗಡು ಬೆಸೆದು, ತಿಂಗಳುಗಟ್ಟಲೆ ಬೆವರು ಸುರಿಸಬೇಕು.

ಅಂಥ ಗೂಡೊಂದು ಗ್ಯಾರೇಜಿನಲ್ಲಿ ಕಂಡರೆ ಗುಜರಿ ಎನ್ನಬೇಡಿ. ಮೈಸೂರಿಗೆ ದಕ್ಕದೆ ಹೋದ ಕನಸಿನ ಕುರುಹು ಅದು.