ಹದಿಹರೆಯದ ಆಟಿಸಂ ಮಕ್ಕಳ ಮನೆಶಿಕ್ಷಣ

ಆಟಿಸಂ (ಸ್ವಲೀನತೆ) ಇರುವ 13ರಿಂದ 19 ವರ್ಷದೊಳಗಿನ ಮಕ್ಕಳು ಶಾಲೆಗೆ ಹೋಗದೆ, ತಂದೆತಾಯಿಯ ಹೊಣೆಯಲ್ಲಿ ಮನೆಯಲ್ಲೇ ಇದ್ದು ಕಲಿಯುವ ವ್ಯವಸ್ಥೆ ಇದು. ಭಾರತದಲ್ಲಿ ಇದನ್ನು ಹೋಮ್‌ಸ್ಕೂಲಿಂಗ್ ಎಂದೇ ಹೆಚ್ಚಾಗಿ ಕರೆಯುತ್ತಾರೆ. ಪಠ್ಯ ಮತ್ತು ಪರೀಕ್ಷೆಯ ಜೊತೆಗೆ ಅಡುಗೆಮನೆ ಕೆಲಸ, ಬಸ್ ಹತ್ತುವುದು, ಚಿಲ್ಲರೆ ಎಣಿಸುವುದು, ಬೆಳೆಯುತ್ತಿರುವ ಮೈಯ ಆರೈಕೆ ಎಲ್ಲವೂ ಇದರೊಳಗೆ ಬರುತ್ತವೆ. ಚಿಕ್ಕ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳುವಾಗ ಎಲ್ಲ ತೀರ್ಮಾನವೂ ದೊಡ್ಡವರದೇ ಆದರೆ ನಡೆಯುತ್ತದೆ. ಹದಿಹರೆಯದಲ್ಲಿ ಹಾಗಲ್ಲ. ಏನು ಓದಬೇಕು, ಏನು ಉಡಬೇಕು, ಯಾವಾಗ ಸಾಕು ಅನ್ನಬೇಕು ಎಂಬ ತೀರ್ಮಾನಗಳು ಒಂದೊಂದಾಗಿ ಮಗನ ಅಥವಾ ಮಗಳ ಕೈಗೆ ಹೋಗಬೇಕು. ಈ ವಯಸ್ಸಿನ ಮನೆಶಿಕ್ಷಣವನ್ನು ಅಳೆಯಬೇಕಾದದ್ದು ಈ ಹಸ್ತಾಂತರ ಎಷ್ಟು ನಡೆಯಿತು ಎಂಬುದರಿಂದಲೇ.

ಶಾಲೆ ಬಿಡುವುದಕ್ಕೆ ಕಾರಣಗಳು

ಆಟಿಸಂ ಅಂಟಿಕೊಳ್ಳುವ ರೋಗವಲ್ಲ, ಮಿದುಳು ಬೆಳೆಯುವ ಬಗೆಯಲ್ಲಿರುವ ಭಿನ್ನತೆ. ವೈದ್ಯರಾದ ಲಿಯೊ ಕ್ಯಾನರ್ 1943ರಲ್ಲಿ, ಹಾನ್ಸ್ ಆಸ್ಪರ್ಗರ್ 1944ರಲ್ಲಿ ವಿವರಿಸಿದ ಮಕ್ಕಳನ್ನು ಬಹುಕಾಲ ಬೇರೆ ಬೇರೆ ಹೆಸರಿನಿಂದ ಕರೆಯುತ್ತಿದ್ದರು. 2013ರಲ್ಲಿ ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿ ಬಂದ ಮೇಲೆ ಎಲ್ಲರೂ ಒಂದೇ ವರ್ಣಪಟಲದೊಳಗೆ ಬಂದರು. ಹಾಗಾಗಿ ಮಾತೇ ಆಡದ ಹುಡುಗಿಯೂ ಗಣಿತದಲ್ಲಿ ತರಗತಿಗೇ ಮುಂದಿರುವ ಹುಡುಗನೂ ಈ ಒಂದೇ ಹೆಸರಿನಡಿ ಇರುತ್ತಾರೆ.

ಪ್ರಾಥಮಿಕ ಶಾಲೆಯಲ್ಲಿ ಹೇಗೋ ನಿಭಾಯಿಸಿದ ಮಕ್ಕಳಿಗೆ ಹೈಸ್ಕೂಲು ಕಠಿಣವಾಗುತ್ತದೆ. ಪಿರಿಯಡ್ಡಿಗೊಬ್ಬ ಮೇಷ್ಟರು, ಗಂಟೆಯ ಸದ್ದು, ಕಾರಿಡಾರಿನ ನೂಕುನುಗ್ಗಲು, ಸಮವಸ್ತ್ರದ ಬಟ್ಟೆ ಚರ್ಮಕ್ಕೆ ಒತ್ತುವುದು ಎಲ್ಲವೂ ಒಟ್ಟಿಗೆ ಮೈಮೇಲೆ ಬರುತ್ತವೆ. ಸಹಪಾಠಿಗಳ ಮಾತು ಹಾಸ್ಯ, ವ್ಯಂಗ್ಯ, ಗುಟ್ಟುಗಳ ಕಡೆ ತಿರುಗುವುದೂ ಇದೇ ವಯಸ್ಸಿನಲ್ಲಿ. ಕೆಲವರು, ಅದರಲ್ಲೂ ಹುಡುಗಿಯರು, ಇತರರನ್ನು ನೋಡಿ ಅನುಕರಿಸುತ್ತ ದಿನವಿಡೀ ತಮ್ಮ ಕಷ್ಟವನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಸಂಜೆ ಮನೆಯ ಬಾಗಿಲು ದಾಟಿದ ಕೂಡಲೇ ಅಳು, ಚೀರಾಟ ಶುರುವಾಗುತ್ತದೆ. ಶಾಲೆಗೆ ಕಾಣುವುದು ಶಾಂತ ಹುಡುಗಿ, ಮನೆಗೆ ಕಾಣುವುದು ಕುಸಿದುಹೋದ ಹುಡುಗಿ. ಇದನ್ನು ಮೊಂಡುತನ ಎಂದು ಕರೆಯುವುದು ತಪ್ಪು, ತಾಯಿಯ ಮುದ್ದಿನ ಫಲ ಎನ್ನುವುದು ಇನ್ನೂ ದೊಡ್ಡ ತಪ್ಪು. ಮನೆಶಿಕ್ಷಣಕ್ಕೆ ಬರುವ ಹಲವು ಕುಟುಂಬಗಳು ಅದನ್ನು ಬಯಸಿ ಆರಿಸಿಕೊಂಡವಲ್ಲ. ಶಾಲೆಯೇ ಒಳಗೊಳ್ಳದಿದ್ದಾಗ ಉಳಿದ ದಾರಿ ಅದೊಂದೇ ಆಗಿರುತ್ತದೆ.

ಕಾನೂನು

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಅನ್ವಯಿಸುತ್ತದೆ. ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದು ಹೇಳಿದರೂ ಸೇರಿಸದವರಿಗೆ ಶಿಕ್ಷೆ ವಿಧಿಸಿಲ್ಲ. 2012ರ ತಿದ್ದುಪಡಿಯಿಂದ ಬಹುವಿಧ ಅಥವಾ ತೀವ್ರ ವೈಕಲ್ಯವಿರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಆಯ್ದುಕೊಳ್ಳುವ ಹಕ್ಕು ಬಂತು. ಕರ್ನಾಟಕದಲ್ಲಿ ಸಮಗ್ರ ಶಿಕ್ಷಣ ಯೋಜನೆಯಡಿ ಸಂಪನ್ಮೂಲ ಶಿಕ್ಷಕರು ಇಂಥ ಮಕ್ಕಳ ಮನೆಗೆ ಬರುತ್ತಾರೆ. ಇದು ಸರ್ಕಾರ ಕೊಡುವ ಸೇವೆ. ಪೋಷಕರೇ ಪೂರ್ತಿ ಹೊಣೆ ಹೊರುವ ಮನೆಶಿಕ್ಷಣದೊಂದಿಗೆ ಇದನ್ನು ಬೆರೆಸಬಾರದು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಆಟಿಸಂ ಅನ್ನು 21 ವೈಕಲ್ಯಗಳ ಪಟ್ಟಿಗೆ ಸೇರಿಸಿತು. ಶೇ. 40 ಅಥವಾ ಹೆಚ್ಚು ವೈಕಲ್ಯವಿದ್ದವರಿಗೆ ಉಚಿತ ಶಿಕ್ಷಣದ ಹಕ್ಕು 18ರವರೆಗೂ ಇದೆ. ಮನೆಯಲ್ಲಿ ಕಲಿಸುತ್ತಿದ್ದೇವೆಂದ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ, ಶಾಲೆಗೆ ಮರಳುವ ಬಾಗಿಲು ತೆರೆದೇ ಇರುತ್ತದೆ.

ವೈಕಲ್ಯ ಪ್ರಮಾಣಪತ್ರಕ್ಕಾಗಿ ಇಂಡಿಯನ್ ಸ್ಕೇಲ್ ಫಾರ್ ಅಸೆಸ್‌ಮೆಂಟ್ ಆಫ್ ಆಟಿಸಂ ಎಂಬ 40 ಅಂಶಗಳ ಅಳತೆಯನ್ನು ಬಳಸುತ್ತಾರೆ. ಶಾಲೆಯ ಹಂಗಿಲ್ಲವೆಂದು ಪ್ರಮಾಣಪತ್ರ ಮಾಡಿಸದೆ ಬಿಡುವ ಮನೆಗಳಿವೆ. ಪರೀಕ್ಷೆಯಲ್ಲಿ ರಿಯಾಯಿತಿ ಕೇಳುವ ಹೊತ್ತಿಗೆ ಅವರೇ ಪರದಾಡಬೇಕಾಗುತ್ತದೆ.

ಪರೀಕ್ಷೆ

ಮನೆಯಲ್ಲಿ ಕಲಿಯುವವರಿಗೆ ದೊಡ್ಡ ಆಸರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್‌ಐಓಎಸ್). 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಾಗಿ ಹುಟ್ಟಿ, 2002ರಲ್ಲಿ ಈಗಿನ ಹೆಸರು ಪಡೆಯಿತು. 14 ತುಂಬಿದವರು ಹತ್ತನೆಯ ತರಗತಿಗೆ ಸಮಾನವಾದ ಸೆಕೆಂಡರಿ ಕೋರ್ಸಿಗೆ ಸೇರಬಹುದು. ಕನಿಷ್ಠ ಒಂದು ಭಾಷೆ ಸೇರಿ ಐದು ವಿಷಯ ತೇರ್ಗಡೆಯಾದರೆ ಸಾಕು. ಕನ್ನಡವನ್ನು ಭಾಷೆಯಾಗಿ ತೆಗೆದುಕೊಳ್ಳಬಹುದು. ಚಿತ್ರಕಲೆ, ಗೃಹವಿಜ್ಞಾನ, ಡೇಟಾ ಎಂಟ್ರಿಯಂಥ ವಿಷಯಗಳೂ ಇವೆ. ನೋಂದಣಿ ಐದು ವರ್ಷ ಊರ್ಜಿತವಾಗಿರುತ್ತದೆ, ಆ ಅವಧಿಯಲ್ಲಿ ಒಂಬತ್ತು ಬಾರಿ ಪರೀಕ್ಷೆಗೆ ಕೂರುವ ಅವಕಾಶವಿದೆ. ಒಂದು ಹಂಗಾಮಿನಲ್ಲಿ ಒಂದೇ ವಿಷಯ ಬರೆದು ಮುಂದಿನದಕ್ಕೆ ಆರು ತಿಂಗಳು ತೆಗೆದುಕೊಂಡರೂ ಯಾರೂ ಕೇಳುವುದಿಲ್ಲ. ಒಂದೇ ವಿಷಯದಲ್ಲಿ ಆಳವಾಗಿ ಮುಳುಗಿ, ಬೇರೆಯದಕ್ಕೆ ಹೊರಳಲು ಸಮಯ ಬೇಕಾಗುವ ಮನಸ್ಸಿಗೆ ಈ ಬಿಡುವು ಹೇಳಿಮಾಡಿಸಿದಂತಿದೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು, ಅಗತ್ಯವಿದ್ದವರಿಗೆ ಬರೆದುಕೊಡುವ ಸಹಾಯಕರೂ ಸಿಗಬೇಕು. ಗಣಿತ ಮತ್ತು ವಿಜ್ಞಾನ ಕೈಬಿಟ್ಟರೆ ಮುಂದೆ ಕೆಲವು ಕೋರ್ಸುಗಳ ದಾರಿ ಮುಚ್ಚುತ್ತದೆ ಎಂಬುದನ್ನು ವಿಷಯ ಆರಿಸುವ ಮೊದಲೇ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಮಾತಾಡಬೇಕು. ಕರ್ನಾಟಕದ ಎಸ್‌ಎಸ್‌ಎಲ್‌ಸಿಗೂ ಖಾಸಗಿ ಅಭ್ಯರ್ಥಿಯಾಗಿ ಕೂರಬಹುದು.

ದಿನಚರಿ

ಶಾಲೆ ಬಿಟ್ಟ ಮರುದಿನವೇ ಡೈನಿಂಗ್ ಟೇಬಲ್ಲಿನ ಮೇಲೆ ಪಠ್ಯಪುಸ್ತಕ ಹರಡಿ ಕೂತರೆ ಮನೆಯೇ ಇನ್ನೊಂದು ಶಾಲೆಯಾಗುತ್ತದೆ. ಬಳಲಿ ಬಂದ ಮಕ್ಕಳಿಗೆ ಮೊದಲು ನಿದ್ದೆ, ಊಟ, ನೆಮ್ಮದಿ ಬೇಕು. ಪಾಠ ಆಮೇಲೆ.

ನಾರ್ತ್ ಕ್ಯಾರೊಲೈನಾದಲ್ಲಿ ಎರಿಕ್ ಷಾಪ್ಲರ್ ರೂಪಿಸಿದ, 1972ರಲ್ಲಿ ಆ ರಾಜ್ಯದ ಅಧಿಕೃತ ಕಾರ್ಯಕ್ರಮವಾದ ಟೀಚ್ ಪದ್ಧತಿ ಒಂದು ಸರಳ ಸಂಗತಿಯನ್ನು ಹಿಡಿದುಕೊಂಡಿತು: ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಅಥವಾ ಚಿತ್ರ ಕಣ್ಣೆದುರೇ ಉಳಿಯುತ್ತದೆ. ಫ್ರಿಜ್ಜಿನ ಮೇಲಿನ ದಿನಪಟ್ಟಿ ಇದರಿಂದ ಬಂದದ್ದು. ಹದಿಹರೆಯದಲ್ಲಿ ಆ ಪಟ್ಟಿಯನ್ನು ಬರೆಯುವವರು ಯಾರು ಎಂಬುದು ಮುಖ್ಯವಾಗುತ್ತದೆ. ಮೊದಲಿಗೆ ಅಮ್ಮ ಬರೆಯುತ್ತಾಳೆ, ನಂತರ ಎರಡು ಕೆಲಸಗಳ ಕ್ರಮವನ್ನು ಮಗ ಬದಲಿಸುತ್ತಾನೆ, ಕೊನೆಗೆ ಇಡೀ ಪಟ್ಟಿ ಅವನದೇ ಆಗುತ್ತದೆ.

ಈ ಹಸ್ತಾಂತರ ಅಡುಗೆಯಲ್ಲಿ ಇನ್ನೂ ಸ್ಪಷ್ಟ. ಚಿತ್ರಾನ್ನವನ್ನು ಕೊನೆಯ ಹಂತದಿಂದ ಶುರುಮಾಡಿ ಹಿಂದಕ್ಕೆ ಕಲಿಸಬಹುದು. ಮೊದಲ ಕೆಲವು ದಿನ ಒಗ್ಗರಣೆ, ಅನ್ನ ಬೆರೆಸುವುದು ಎಲ್ಲ ಮುಗಿಸಿ, ನಿಂಬೆಹಣ್ಣು ಹಿಂಡುವ ಕಡೆಯ ಕೆಲಸವನ್ನಷ್ಟೇ ಹುಡುಗನಿಗೆ ಬಿಡುತ್ತಾರೆ. ಅಡುಗೆ ಮುಗಿಸಿದವನು ಅವನೇ ಆಗುತ್ತಾನೆ. ಬಳಿಕ ಅನ್ನ ಕಲಸುವುದು, ಅದರ ಹಿಂದಿನ ಅರಿಸಿನ, ಅದರ ಹಿಂದಿನ ಕಡಲೆಕಾಯಿ ಬೀಜ ಹುರಿಯುವುದು. ಸಾಸಿವೆ ಸಿಡಿಯುವ ಸದ್ದಿಗೆ ಬೆಚ್ಚುವವನಿದ್ದರೆ ಬಾಣಲೆಗೆ ಮುಚ್ಚಳ ಹಾಕಿ, ಆ ಹಂತವನ್ನು ಎಲ್ಲಕ್ಕಿಂತ ಕೊನೆಗೆ ಕೊಡುತ್ತಾರೆ. ಇಲ್ಲಿ ಕಷ್ಟಪಡುವವರು ದೊಡ್ಡವರೇ. ಅವನ ಕೈ ನಿಂತಾಗ ಬಾಯಿ ಬಿಡದೆ ಕಾಯಬೇಕು. ಪ್ರತಿ ಬಾರಿ ‘ಈಗ ಉಪ್ಪು’ ಎಂದು ನೆನಪಿಸಿದರೆ ಆ ಮಾತೂ ಅಡುಗೆಯ ಒಂದು ಹಂತವಾಗಿ ಅಂಟಿಕೊಳ್ಳುತ್ತದೆ, ಅದಿಲ್ಲದೆ ಮುಂದಿನ ಕೆಲಸ ಸಾಗುವುದಿಲ್ಲ.

ಮಕ್ಕಳ ಗಾಢ ಆಸಕ್ತಿಗಳನ್ನು ಗೀಳು ಎಂದು ತಳ್ಳಿಹಾಕುವ ರೂಢಿ ಹಳೆಯದು. ಡೈನಾ ಮರ್ರಿ ಮತ್ತು ಸಂಗಡಿಗರು 2005ರಲ್ಲಿ ಮಂಡಿಸಿದ ಏಕಮುಖ ಗಮನದ ಸಿದ್ಧಾಂತ ಇದಕ್ಕೆ ಬೇರೆ ವಿವರಣೆ ಕೊಟ್ಟಿತು: ಆಟಿಸಂ ಇರುವವರ ಗಮನ ಹಲವು ಕಡೆ ಹಂಚಿಹೋಗದೆ ಕೆಲವೇ ಸಂಗತಿಗಳ ಮೇಲೆ ಬಲವಾಗಿ ನಿಲ್ಲುತ್ತದೆ. ಮೆಟ್ರೊ ಮಾರ್ಗಗಳಲ್ಲಿ ಮನಸ್ಸಿಟ್ಟ ಹುಡುಗಿಗೆ ಸಮಯ, ದೂರ, ದರ, ನಕ್ಷೆ ಎಲ್ಲವನ್ನೂ ಅಲ್ಲಿಂದಲೇ ಕಲಿಸಬಹುದು. ಶಾಲೆ ಕೊಡಲಾಗದ, ಮನೆ ಸುಲಭವಾಗಿ ಕೊಡಬಲ್ಲ ಅನುಕೂಲ ಇದು.

ದೇಹ

ಮುಟ್ಟು, ಗಡ್ಡಮೀಸೆ, ಲೈಂಗಿಕ ಭಾವನೆ ಇವುಗಳ ಪಾಠ ಬೇರೆಲ್ಲಕ್ಕಿಂತ ಮುಂಚೆ ಶುರುವಾಗಬೇಕು. ಪ್ಯಾಡ್ ಬದಲಿಸುವ ಹಂತಗಳನ್ನು ಮುಟ್ಟಾಗುವ ಮೊದಲೇ ಚಿತ್ರಗಳಲ್ಲಿ ತೋರಿಸಿದ್ದರೆ ಮೊದಲ ದಿನದ ಗಾಬರಿ ತಗ್ಗುತ್ತದೆ. ಬಾಗಿಲು ಹಾಕಿಕೊಳ್ಳುವುದು, ಅಂಗಗಳಿಗೆ ಅವುಗಳ ನಿಜವಾದ ಹೆಸರು ಹೇಳುವುದು, ಬೇಡವೆನ್ನುವುದು ದೌರ್ಜನ್ಯದಿಂದ ರಕ್ಷಿಸುವ ಪಾಠಗಳು. ಎಲ್ಲ ಮಾತಿಗೂ ತಲೆಯಾಡಿಸುವಂತೆ ಬೆಳೆಸಿದ ಮಗು ಕೆಟ್ಟವನಿಗೂ ತಲೆಯಾಡಿಸುತ್ತದೆ. ಆಟಿಸಂ ಇರುವ ಕೆಲವರಿಗೆ ಮೂರ್ಛೆರೋಗ ಈ ವಯಸ್ಸಿನಲ್ಲಿ ಮೊದಲು ಕಾಣಿಸಿಕೊಳ್ಳುವುದುಂಟು. ನಡತೆಯಲ್ಲಿ ದಿಢೀರ್ ಬದಲಾವಣೆ ಕಂಡರೆ ವೈದ್ಯರಿಗೆ ತೋರಿಸಬೇಕು.

ಸೋಮಾ ಮತ್ತು ತೀತೋ

ಭಾರತದಲ್ಲಿ ಮನೆಯಲ್ಲೇ ಕಲಿತ ಆಟಿಸಂ ಮಕ್ಕಳಲ್ಲಿ ಹೆಚ್ಚು ಹೆಸರಾದವರು ತೀತೋ ರಾಜರ್ಷಿ ಮುಖೋಪಾಧ್ಯಾಯ. ಮಾತು ತೀರ ಕಡಿಮೆಯಿದ್ದ ಅವರಿಗೆ ತಾಯಿ ಸೋಮಾ ಅಕ್ಷರ ಫಲಕ ತೋರಿಸಿ ಬರೆಯಲು ಕಲಿಸಿದರು. ತೀತೋ ಅವರ ‘ಬಿಯಾಂಡ್ ದ ಸೈಲೆನ್ಸ್’ 2000ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. ತಾಯಿ ಮಗ ಬಳಿಕ ಅಮೆರಿಕಕ್ಕೆ ಹೋದರು, ಸೋಮಾ ಅವರ ವಿಧಾನ ‘ರ‍್ಯಾಪಿಡ್ ಪ್ರಾಂಪ್ಟಿಂಗ್’ ಎಂಬ ಹೆಸರಿನಲ್ಲಿ ಹಬ್ಬಿತು. ಫಲಕ ಹಿಡಿದವರ ಸೂಚನೆಯೇ ಉತ್ತರವನ್ನು ರೂಪಿಸುವ ಅಪಾಯವಿದೆ, ವೈಜ್ಞಾನಿಕ ಆಧಾರವಿಲ್ಲ ಎಂದು ಅಮೆರಿಕದ ವಾಕ್ ಮತ್ತು ಶ್ರವಣ ತಜ್ಞರ ಸಂಘ 2018ರಲ್ಲಿ ಈ ವಿಧಾನವನ್ನು ಬಳಸಬಾರದೆಂದಿತು. ಮಾತಿಲ್ಲದ ಮಗುವಿನೊಳಗೆ ವಿಚಾರವಿದೆ ಎಂಬ ತಾಯಿಯ ನಂಬಿಕೆ ದೊಡ್ಡದು. ಆದರೆ ಉತ್ತರ ಮಗುವಿನದೇ ಎಂದು ಖಚಿತವಾಗಬೇಕಾದರೆ ಅದು ಇನ್ನೊಬ್ಬರ ಕೈಯ ಹಂಗಿಲ್ಲದೆ ಬರಬೇಕು. ಚಿತ್ರಫಲಕ ಅಥವಾ ಟ್ಯಾಬ್ಲೆಟ್ಟನ್ನು ಸ್ವತಃ ಒತ್ತಿ ಮಾತಾಡಿಸುವ ಸಾಧನಗಳು ಈ ದೃಷ್ಟಿಯಿಂದ ಮೇಲು.

ಮನೆಯ ಹೊರಗೆ

ಗೆಳೆತನ ಮನೆಶಿಕ್ಷಣದ ದುರ್ಬಲ ಭಾಗ. ವಾರಕ್ಕೊಮ್ಮೆ ಈಜು, ಸಂಗೀತ, ಗ್ರಂಥಾಲಯ, ಒಂದೇ ಆಸಕ್ತಿಯ ಒಬ್ಬಿಬ್ಬರು ಜೊತೆಗಾರರು ಇದ್ದರೂ ಬಹಳ ವ್ಯತ್ಯಾಸವಾಗುತ್ತದೆ. ದುಡಿಮೆ ಬಿಟ್ಟು ಮನೆಯಲ್ಲಿ ಕೂರುವವಳು ಹೆಚ್ಚಾಗಿ ತಾಯಿಯೇ. ಅವಳಿಗೂ ದಿನದಲ್ಲಿ ತನ್ನದೆನ್ನುವ ಹೊತ್ತು ಸಿಗುವಂತೆ ತಂದೆ, ಅಜ್ಜಿ, ಚಿಕ್ಕಪ್ಪ ಕೆಲಸ ಹಂಚಿಕೊಳ್ಳದಿದ್ದರೆ ಈ ವ್ಯವಸ್ಥೆ ಹೆಚ್ಚು ದಿನ ನಿಲ್ಲುವುದಿಲ್ಲ.

18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬಹುದು. 2016ರ ಕಾಯ್ದೆ ಇನ್ನೊಂದು ದಾರಿ ತೋರಿಸುತ್ತದೆ: ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ ಸೀಮಿತವಾದ, ಪಾಲಕರೂ ಆ ವ್ಯಕ್ತಿಯೂ ಕೂಡಿ ತೀರ್ಮಾನಿಸುವ ಪಾಲಕತ್ವ. ಬ್ಯಾಂಕ್ ವ್ಯವಹಾರಕ್ಕೆ ನೆರವು ಬೇಕಾದ ಯುವತಿಗೆ ಬಟ್ಟೆ, ಊಟ, ಗೆಳೆಯರ ವಿಷಯದಲ್ಲಿ ಪಾಲಕರು ಬೇಕಿಲ್ಲದಿರಬಹುದು. ಅರ್ಜಿ ಬರೆಯುವ ಮೊದಲು ಯಾವ ತೀರ್ಮಾನಗಳನ್ನು ಆಕೆ ಈಗಾಗಲೇ ತಾನೇ ಮಾಡುತ್ತಿದ್ದಾಳೆ ಎಂದು ಆಕೆಯೊಂದಿಗೇ ಕೂತು ಪಟ್ಟಿ ಮಾಡಿ, ಅವನ್ನು ಅರ್ಜಿಯಿಂದ ಹೊರಗಿಡುವುದು ಸರಿಯಾದ ಕ್ರಮ.